ಗುಳ್ಳೆ ಅಡಗದ ಎರಕ

‘ಜುರಾಸಿಕ್ ಪಾರ್ಕ್’ ಚಿತ್ರ ನೋಡಿದವರಿಗೆ ಡೈನೊಸಾರ್‌ಗಳ ಜೊತೆಗೆ ಇನ್ನೊಂದು ವಸ್ತುವೂ ನೆನಪಿರುತ್ತದೆ. ಉದ್ಯಾನದ ಒಡೆಯ ಜಾನ್ ಹ್ಯಾಮಂಡ್ ಹಿಡಿದು ಓಡಾಡುವ ಊರುಗೋಲು. ಅದರ ತುದಿಯಲ್ಲಿ ಜೇನುತುಪ್ಪದ ಬಣ್ಣದ, ಬೆಳಕು ಹಾಯುವ ಉಂಡೆ. ಉಂಡೆಯೊಳಗೆ ಕಾಲು ಚಾಚಿ ನಿಂತ ಸೊಳ್ಳೆ. ಕೋಟ್ಯಂತರ ವರ್ಷಗಳ ಹಿಂದೆ ಮರದ ರಾಳದಲ್ಲಿ ಸಿಕ್ಕಿಬಿದ್ದ ಇಂಥ ಸೊಳ್ಳೆಯ ಹೊಟ್ಟೆಯಲ್ಲಿದ್ದ ರಕ್ತದಿಂದಲೇ ಡೈನೊಸಾರ್ ಮರುಹುಟ್ಟು ಪಡೆಯಿತು ಎಂಬುದು 1993ರಲ್ಲಿ ತೆರೆಕಂಡ ಆ ಚಿತ್ರದ ಕಥೆ.

ಈ ಊರುಗೋಲಿನ ತದ್ರೂಪನ್ನು ಮಾಡಿ ಮನೆಯಲ್ಲಿಟ್ಟುಕೊಳ್ಳುವ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ. ‘ಬ್ಲೇಡ್ ರನ್ನರ್’ (1982) ಚಿತ್ರದ ನಾಯಕನ ಪಿಸ್ತೂಲಿಗೆ ಇದ್ದದ್ದೂ ಇಂಥದೇ ಜೇನುಬಣ್ಣದ ಹಿಡಿ. ಚಿತ್ರೀಕರಣದಲ್ಲಿ ಬಳಸಿದ ಆ ಮೂಲ ಪಿಸ್ತೂಲು 2006ರಲ್ಲಿ ಅಮೆರಿಕದ ಒಂದು ಸಮ್ಮೇಳನದಲ್ಲಿ ಸಾರ್ವಜನಿಕರ ಕಣ್ಣಿಗೆ ಬೀಳುವ ಮುನ್ನ, ಅಭಿಮಾನಿಗಳು ಚಿತ್ರದ ದೃಶ್ಯಗಳನ್ನೇ ಮತ್ತೆ ಮತ್ತೆ ನೋಡಿ ಅದರ ನಕಲು ತಯಾರಿಸುತ್ತಿದ್ದರು. ನಮ್ಮ ಬೆಂಗಳೂರಿನಲ್ಲೂ 2012ರಿಂದೀಚೆಗೆ ನಡೆಯುತ್ತಿರುವ ಕಾಮಿಕ್ ಕಾನ್ ಮೇಳಗಳಲ್ಲಿ ಸಿನಿಮಾ ಪಾತ್ರಗಳ ವೇಷ ತೊಟ್ಟು, ಅವುಗಳ ಆಯುಧ, ಮಣಿ, ಮಂತ್ರದಂಡಗಳನ್ನು ಹಿಡಿದು ಬರುವ ಯುವಕ ಯುವತಿಯರನ್ನು ಕಾಣಬಹುದು.

ಚಿತ್ರರಂಗದವರು ಇಂಥ ಸಾಮಗ್ರಿಗಳನ್ನು ‘ಪ್ರಾಪರ್ಟಿ’ ಎನ್ನುತ್ತಾರೆ. ಮರ, ರಟ್ಟು, ಥರ್ಮೋಕೋಲ್, ಫೈಬರ್ ಇವುಗಳಿಂದ ಮಾಡಿದ ಪ್ರಾಪರ್ಟಿಗೆ ಮೇಲೆ ಬಣ್ಣ ಬಳಿದರೆ ಒಳಗಿನ ತಪ್ಪು ಮುಚ್ಚಿಹೋಗುತ್ತದೆ. ಗಾಜಿನಂತೆ ಕಾಣಬೇಕಾದ ವಸ್ತುವಿಗೆ ಮಾತ್ರ ಆ ಅನುಕೂಲವಿಲ್ಲ. ಅದರ ಮೈಯೂ ಒಳಗೂ ಒಟ್ಟಿಗೇ ಕಾಣುತ್ತವೆ. ಆದ್ದರಿಂದಲೇ ಪಾರದರ್ಶಕ ರೆಸಿನ್ನಿನ ಎರಕವನ್ನು ಈ ಕಸುಬಿನ ಕಠಿಣ ಪರೀಕ್ಷೆ ಎನ್ನಬಹುದು. ಈ ಪರೀಕ್ಷೆಯಲ್ಲಿ ಎದುರಾಳಿ ಒಂದೇ: ಗಾಳಿ.

ರಾಳದಿಂದ ರೆಸಿನ್ನಿಗೆ

ರೆಸಿನ್ ಎಂಬ ಪದ ಹೊಸದಾದರೂ ವಸ್ತು ನಮಗೆ ಹೊಸತಲ್ಲ. ಪಶ್ಚಿಮ ಘಟ್ಟದ ಧೂಪದ ಮರಗಳಿಂದ ಒಸರುವ ರಾಳ, ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗು ಇವೆಲ್ಲ ಪ್ರಕೃತಿದತ್ತ ರೆಸಿನ್‌ಗಳೇ. ಮೊದಲನೆಯದು ಮರದ್ದು, ಎರಡನೆಯದು ಕೀಟದ್ದು. ಮರದ ರಾಳ ಮಣ್ಣಿನಡಿ ಲಕ್ಷಾಂತರ ವರ್ಷ ಉಳಿದು ಗಟ್ಟಿಯಾದರೆ ಅಂಬರ್ ಆಗುತ್ತದೆ. ಹ್ಯಾಮಂಡ್‌ನ ಊರುಗೋಲಿನ ತುದಿಯಲ್ಲಿರುವುದು ಇದೇ ಎಂದು ಕಥೆ ಹೇಳುತ್ತದೆ.

ಅರಗನ್ನು ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಎರಕಕ್ಕೆ ಬಳಸುವ ಕೃತಕ ರೆಸಿನ್ನಿನ ಗುಣ ಬೇರೆ. ಎರಡು ದ್ರವಗಳನ್ನು ಬೆರೆಸಿದಾಗ ಅವುಗಳ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತವೆ. ಒಮ್ಮೆ ಹೆಣೆದ ಬಲೆಯನ್ನು ಕಾಯಿಸಿ ಬಿಡಿಸಲಾಗದು. ಹೆಚ್ಚು ಕಾಯಿಸಿದರೆ ಸುಟ್ಟುಹೋಗುತ್ತದೆ. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ತಯಾರಿಸಿದ ಬೇಕಲೈಟ್ ಈ ಜಾತಿಯ ವಸ್ತುಗಳಿಗೆ ದಾರಿ ತೋರಿಸಿತು. ಹಳೆಯ ರೇಡಿಯೊ ಪೆಟ್ಟಿಗೆ, ವಿದ್ಯುತ್ ಸ್ವಿಚ್ಚುಗಳಲ್ಲಿ ಕಂದುಬಣ್ಣದ ಬೇಕಲೈಟನ್ನು ಹಿರಿಯರು ನೋಡಿಯೇ ಇರುತ್ತಾರೆ.

ಇಂದು ಪಾರದರ್ಶಕ ಎರಕಕ್ಕೆ ಮುಖ್ಯವಾಗಿ ಮೂರು ಬಗೆಯ ರೆಸಿನ್ ಬಳಕೆಯಲ್ಲಿವೆ. ಪಾಲಿಯೆಸ್ಟರ್ ಅಗ್ಗ, ಆದರೆ ಮೂಗಿಗೆ ಬಡಿಯುವ ವಾಸನೆ, ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು ಶೇ 6ರಿಂದ 8ರಷ್ಟು ಕುಗ್ಗುತ್ತದೆ. ಎಪಾಕ್ಸಿ ಕುಗ್ಗುವುದು ಕಡಿಮೆ. ಆದರೆ ನಿಧಾನ, ಬಿಸಿಲಿಗೆ ಹಳದಿಯಾಗುವ ಸ್ವಭಾವ. ಪಾಲಿಯುರೆಥೇನ್ ಬೇಗ ಗಟ್ಟಿಯಾಗುತ್ತದೆ, ಗಟ್ಟಿಮುಟ್ಟಾಗಿಯೂ ಇರುತ್ತದೆ. ಆದರೆ ತೇವಾಂಶವನ್ನು ಕಂಡರಾಗದು.

ಅಚ್ಚಿಗೆ ಗುಟ್ಟಿಲ್ಲ

ಕೆಲಸ ಆರಂಭವಾಗುವುದು ಮೂಲ ಮಾದರಿಯಿಂದ. ಮರ, ಜೇಡಿ, ಲೋಹ ಅಥವಾ ಈಚೆಗೆ ಕಂಪ್ಯೂಟರಿನಿಂದ ಮುದ್ರಿಸಿದ ಪ್ಲಾಸ್ಟಿಕ್‌ನಲ್ಲಿ ಅದನ್ನು ರೂಪಿಸುತ್ತಾರೆ. ಬಳಿಕ ಒರಟು ಉಪ್ಪುಕಾಗದದಿಂದ ಶುರುಮಾಡಿ, ನೀರು ಹಾಕಿ ಉಜ್ಜುವ ನಯವಾದ ಕಾಗದದವರೆಗೆ ಹಂತಹಂತವಾಗಿ ತಿಕ್ಕಿ, ಕನ್ನಡಿಯಂತೆ ಹೊಳಪು ಬರಿಸಬೇಕು. ಇದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆಯುತ್ತಾರೆ. ಈ ರಬ್ಬರ್ ಎಷ್ಟು ನಿಷ್ಠುರ ಸಾಕ್ಷಿಯೆಂದರೆ, ಮಾದರಿಯ ಮೇಲೆ ಉಳಿದ ಬೆರಳಚ್ಚನ್ನೂ ಗೆರೆಗೆರೆಯಾಗಿ ಎತ್ತಿಕೊಳ್ಳುತ್ತದೆ. ಮಾದರಿ ಮಂಕಾಗಿದ್ದರೆ ಅಚ್ಚೂ ಮಂಕು, ಎರಕವೂ ಮಂಕು.

ಗೀರುಬಿದ್ದ ರೆಸಿನ್ ಹಾಲಿನಂತೆ ಮಬ್ಬಾಗಿ ಕಾಣಲು ಕಾರಣವಿದೆ. ಬೆಳಕು ರೆಸಿನ್ನಿನಿಂದ ಗಾಳಿಗೆ ದಾಟುವಾಗ ಬಾಗುತ್ತದೆ. ಮೇಲ್ಮೈ ನಯವಾಗಿದ್ದರೆ ಎಲ್ಲ ಕಿರಣಗಳೂ ಒಂದೇ ಶಿಸ್ತಿನಲ್ಲಿ ಬಾಗುತ್ತವೆ. ಗೀರುಗಳಿದ್ದರೆ ಒಂದೊಂದು ಒಂದೊಂದು ದಿಕ್ಕಿಗೆ ಚದುರುತ್ತವೆ. ಅದೇ ಮಬ್ಬು ತುಂಡಿಗೆ ನೀರು ಸವರಿದರೆ ತಕ್ಷಣ ತಿಳಿಯಾಗುತ್ತದೆ, ಏಕೆಂದರೆ ಗೀರುಗಳ ಸಂದಿಯನ್ನು ನೀರು ತುಂಬುತ್ತದೆ. ಒಳಗೆ ಸಿಕ್ಕಿದ ಗಾಳಿಗುಳ್ಳೆ ಸಾಸಿವೆಗಿಂತ ಚಿಕ್ಕದಿದ್ದರೂ ಮಿಣುಗುಟ್ಟಿ ಕಣ್ಣಿಗೆ ಹೊಡೆಯುವುದಕ್ಕೂ ಇದೇ ಕಾರಣ.

ಅಚ್ಚಿನ ವಿಷಯದಲ್ಲಿ ಹೊಸಬರನ್ನು ಕಾಡುವ ತೊಂದರೆ ಇನ್ನೊಂದು. ಪ್ಲಾಟಿನಂ ನೆರವಿನಿಂದ ಗಟ್ಟಿಯಾಗುವ ಸಿಲಿಕೋನ್ ಉತ್ತಮ ದರ್ಜೆಯದು; ಆದರೆ ಗಂಧಕದ ಅಂಶ ತಾಗಿದರೆ ಅದು ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಮಾದರಿ ಮಾಡುವ ಕೆಲವು ಜಾತಿಯ ಜೇಡಿಯಲ್ಲಿ ಗಂಧಕವಿರುತ್ತದೆ. ಕೈಗೆ ಹಾಕಿಕೊಳ್ಳುವ ಸಾಮಾನ್ಯ ರಬ್ಬರ್ ಗವಸಿನಲ್ಲೂ ಇರುತ್ತದೆ. ಇಡೀ ದಿನದ ಶ್ರಮ ಒಂದು ಗವಸಿನಿಂದ ಹಾಳಾಗಬಹುದು.

ಗಾಳಿ ಎಲ್ಲಿಂದ ಬರುತ್ತದೆ?

ಗುಳ್ಳೆಗೆ ಮೂರು ಮೂಲಗಳಿವೆ. ಮೊದಲನೆಯದು ಕಲಕುವ ಕೈ. ಜೋರಾಗಿ ಕಲಕಿದಷ್ಟೂ ಗಾಳಿ ಒಳಸೇರುತ್ತದೆ. ಎರಡನೆಯದು ಸುರಿಯುವ ರೀತಿ. ಮೂರನೆಯದು ತೇವಾಂಶ. ಪಾಲಿಯುರೆಥೇನಿನ ಒಂದು ಭಾಗವಾದ ಐಸೊಸಯನೇಟ್ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಅನಿಲ ಹೊರಡುತ್ತದೆ. ಸೋಫಾ ಮತ್ತು ಹಾಸಿಗೆಯ ಫೋಮ್ ಉಬ್ಬಿಸಲು ಕಾರ್ಖಾನೆಗಳು ಬಳಸಿಕೊಳ್ಳುವುದು ಇದೇ ಕ್ರಿಯೆಯನ್ನು. ಫೋಮಿಗೆ ವರವಾದದ್ದು ಪಾರದರ್ಶಕ ಮಣಿಗೆ ಶಾಪ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬಿ, ಒಣಗದ ಕಲಕುಕೋಲು, ತೇವ ಹೀರಿದ ಬಣ್ಣದ ಪುಡಿ ಇಷ್ಟು ಸಾಕು ಎರಕ ನೊರೆಗಟ್ಟಲು.

ಇದಕ್ಕೆ ಪರಿಹಾರ ಎರಡು, ಒಂದಕ್ಕೊಂದು ತದ್ವಿರುದ್ಧ. ಮೊದಲನೆಯದು ನಿರ್ವಾತ. ಬೆರೆಸಿದ ರೆಸಿನ್ನನ್ನು ಗಾಳಿಯಾಡದ ಪಾತ್ರೆಯಲ್ಲಿಟ್ಟು ಪಂಪಿನಿಂದ ಗಾಳಿ ಹೊರಗೆಳೆದರೆ ಒಳಗಿನ ಗುಳ್ಳೆಗಳು ಹಿಗ್ಗಿ, ಉಕ್ಕುವ ಹಾಲಿನಂತೆ ಮೇಲೆದ್ದು ಒಡೆಯುತ್ತವೆ. ಎರಡನೆಯದು ಒತ್ತಡ. ಅಚ್ಚಿಗೆ ಸುರಿದ ಮೇಲೆ ಅದನ್ನು ದಪ್ಪ ಲೋಹದ ಪಾತ್ರೆಯಲ್ಲಿಟ್ಟು, ಕಂಪ್ರೆಸರಿನಿಂದ ಸುಮಾರು 3 ಬಾರ್‌ನಷ್ಟು ಗಾಳಿ ತುಂಬಿ, ಗಟ್ಟಿಯಾಗುವವರೆಗೂ ಹಾಗೆಯೇ ಬಿಡುತ್ತಾರೆ. ಒತ್ತಡ ನಾಲ್ಕು ಪಟ್ಟಾದರೆ ಅನಿಲದ ಗಾತ್ರ ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದು ರಾಬರ್ಟ್ ಬಾಯ್ಲ್ 17ನೇ ಶತಮಾನದಲ್ಲೇ ತಿಳಿಸಿದ ನಿಯಮ. ಕುಗ್ಗಿದ ಕಿರುಗುಳ್ಳೆಗಳಲ್ಲಿ ಹೆಚ್ಚಿನವು ರೆಸಿನ್ನಿನಲ್ಲೇ ಕರಗಿ ಕಣ್ಮರೆಯಾಗುತ್ತವೆ. ನಿರ್ವಾತ ಗುಳ್ಳೆಯನ್ನು ಹೊರಗಟ್ಟುತ್ತದೆ, ಒತ್ತಡ ಅದನ್ನು ಇದ್ದಲ್ಲೇ ಅಡಗಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅಚ್ಚಿನ ರಬ್ಬರಿನಲ್ಲೇ ಗುಳ್ಳೆಗಳಿದ್ದರೆ ಒತ್ತಡಕ್ಕೆ ಅವೂ ಕುಗ್ಗಿ ಅಲ್ಲಲ್ಲಿ ಕುಳಿ ಬೀಳುತ್ತದೆ. ಎರಕದ ಮೈಮೇಲೆ ನರುಳ್ಳೆಯಂಥ ಗಂಟುಗಳು ಏಳುತ್ತವೆ. ಹಾಗಾಗಿ ಅಚ್ಚನ್ನು ತಯಾರಿಸುವಾಗಲೂ ಅಷ್ಟೇ ಒತ್ತಡ ಕೊಡಬೇಕಾಗುತ್ತದೆ.

ಬೆಂಗಳೂರಿನವರಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಮಂಗಳೂರಿನಲ್ಲಿ ಒಳ್ಳೆಯ ನಿರ್ವಾತ ಪಂಪಿನ ಮುಳ್ಳು ಪಾದರಸದ 760 ಮಿಲಿಮೀಟರಿನ ಹತ್ತಿರಕ್ಕೆ ಹೋದರೆ, ಅದೇ ಪಂಪು ಯಲಹಂಕದಲ್ಲಿ ಸುಮಾರು 680ರಲ್ಲೇ ನಿಂತುಬಿಡುತ್ತದೆ. ಪಂಪು ಕೆಟ್ಟಿದೆಯೆಂದು ಹೊಸಬರು ಅಂಗಡಿಗೆ ಓಡುವುದು ಸಹಜ. ನಿಜಕ್ಕೂ ಪಂಪಿನಲ್ಲಿ ದೋಷವಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಮುಳ್ಳು ತೋರಿಸುವುದು ಹೊರಗಿಗೂ ಒಳಗಿಗೂ ಇರುವ ವ್ಯತ್ಯಾಸವನ್ನಷ್ಟೇ.

ಯಲಹಂಕದ ಗಾಲಿ

ಯಲಹಂಕದ ಮಾತು ಬಂದಾಗ ಎರಕದ ಇನ್ನೊಂದು ಲೋಕವನ್ನು ನೆನೆಯಲೇಬೇಕು. ಹಳಬರು ಈಗಲೂ ‘ವೀಲ್ ಅಂಡ್ ಆಕ್ಸಲ್’ ಎಂದೇ ಕರೆಯುವ ರೈಲು ಗಾಲಿ ಕಾರ್ಖಾನೆ ಇಲ್ಲಿ 1984ರಲ್ಲಿ ಆರಂಭವಾಯಿತು. ಸವೆದು ಮೂಲೆಗೆ ಬಿದ್ದ ಹಳೆಯ ಗಾಲಿಗಳೂ ಸೇರಿದಂತೆ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಇಲ್ಲಿ ಹೊಸ ಗಾಲಿ ಎರಕ ಹೊಯ್ಯುತ್ತಾರೆ. ಕನ್ನಡದಲ್ಲಿ ಎರಕದ ಅಚ್ಚಿಗೂ ಗಾಲಿಯ ಅಚ್ಚಿಗೂ ಒಂದೇ ಹೆಸರು ಇರುವುದು ಈ ಕಾರ್ಖಾನೆಯ ಮಟ್ಟಿಗೆ ಒಂದು ಸೊಗಸಾದ ಕಾಕತಾಳೀಯ.

ಈ ಕಾರ್ಖಾನೆಯ ವೈಶಿಷ್ಟ್ಯವೆಂದರೆ ಕರಗಿದ ಉಕ್ಕನ್ನು ಅಚ್ಚಿಗೆ ಮೇಲಿನಿಂದ ಸುರಿಯುವುದಿಲ್ಲ. ಉಕ್ಕು ತುಂಬಿದ ದೊಡ್ಡ ಪಾತ್ರೆಯನ್ನು ಮುಚ್ಚಿದ ಕೋಣೆಯೊಳಗಿಟ್ಟು, ಅದರಲ್ಲಿ ಪಿಂಗಾಣಿಯಂಥ ಕೊಳವೆಯನ್ನು ಇಳಿಬಿಟ್ಟು, ಕೋಣೆಗೆ ಒತ್ತಡದ ಗಾಳಿ ತುಂಬುತ್ತಾರೆ. ಗಾಳಿ ಒತ್ತಿದಂತೆ ಉಕ್ಕು ಕೊಳವೆಯಲ್ಲಿ ಮೇಲೇರಿ ಗ್ರಾಫೈಟ್ ಅಚ್ಚಿನೊಳಕ್ಕೆ ತಳದಿಂದ ತುಂಬಿಕೊಳ್ಳುತ್ತದೆ. ಮೇಲಿನಿಂದ ಬಿದ್ದ ದ್ರವ ಚಿಮ್ಮಿ, ಸುಳಿಯೆದ್ದು, ಗಾಳಿಯನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ತಳದಿಂದ ಶಾಂತವಾಗಿ ಏರುವ ದ್ರವ ಅಚ್ಚಿನಲ್ಲಿದ್ದ ಗಾಳಿಯನ್ನು ಮುಂದೆ ದೂಡಿಕೊಂಡು ಹೋಗುತ್ತದೆ.

ರೆಸಿನ್ ಎರಕದವರೂ ಮಾಡುವುದು ಇದನ್ನೇ, ಪುಟ್ಟ ಪ್ರಮಾಣದಲ್ಲಿ. ಲೋಟವನ್ನು ಎತ್ತರಕ್ಕೆ ಹಿಡಿದು ದಾರದಷ್ಟು ತೆಳ್ಳನೆಯ ಧಾರೆಯಾಗಿ, ಅಚ್ಚಿನ ಅತ್ಯಂತ ತಗ್ಗಿನ ಮೂಲೆಗೆ ಮಾತ್ರ ಇಳಿಸುತ್ತಾರೆ. ಹಾಗೆ ತೆಳುವಾಗಿ ಎಳೆದಾಗ ದೊಡ್ಡ ಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ಇಲ್ಲವೇ ಕೊಳವೆಯ ಮೂಲಕ ತಳದಿಂದ ತುಂಬಿಸಿ, ಗಾಳಿ ಹೊರಹೋಗಲು ಮೇಲ್ಗಡೆ ಸಣ್ಣ ತೂತುಗಳನ್ನು ಬಿಡುತ್ತಾರೆ.

ಎರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ರೆಸಿನ್ನಿನ ಗುಳ್ಳೆ ಕಣ್ಣಿಗೆ ಕಾಣುತ್ತದೆ, ಉಕ್ಕಿನದು ಕಾಣುವುದಿಲ್ಲ. ಮಣಿಯೊಳಗಿನ ಗುಳ್ಳೆಯಿಂದ ಕೆಡುವುದು ಅಂದ ಮಾತ್ರ, ಆದರೆ ಗಾಲಿಯೊಳಗಿನ ಟೊಳ್ಳಿಗೆ ಸಾವಿರಾರು ಪ್ರಯಾಣಿಕರ ಜೀವದ ಪ್ರಶ್ನೆ ಅಂಟಿಕೊಂಡಿದೆ. ಅದಕ್ಕೇ ಗಾಲಿಗಳನ್ನು ಶ್ರವಣಾತೀತ ತರಂಗ ಹಾಯಿಸಿ, ಕಾಂತೀಯ ಪರೀಕ್ಷೆಗೆ ಒಡ್ಡಿ, ಒಳಗಿನ ಬಿರುಕು ಟೊಳ್ಳುಗಳನ್ನು ಹುಡುಕುತ್ತಾರೆ. ರೆಸಿನ್ನಿನ ತುಂಡಿಗೆ ಕಿಟಕಿಯ ಬೆಳಕೇ ಪರೀಕ್ಷಾ ಯಂತ್ರ.

ಕಲ್ಯಾಣದ ಮೇಣ

ಈ ಎಚ್ಚರಿಕೆಗೆ ಕನ್ನಡನಾಡಿನಲ್ಲಿ ಒಂಬೈನೂರು ವರ್ಷಗಳ ದಾಖಲೆಯಿದೆ. ಕಲ್ಯಾಣದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅರಸನಾದವನು ತಿಳಿದಿರಬೇಕಾದ ನೂರು ವಿಷಯಗಳ ನಡುವೆ ಲೋಹದ ವಿಗ್ರಹ ಎರಕ ಹೊಯ್ಯುವ ಕ್ರಮವೂ ಅದರಲ್ಲಿದೆ.

ಮೊದಲು ಮೇಣದಲ್ಲಿ ವಿಗ್ರಹ ಮಾಡಿ ತೂಗಬೇಕು. ಎಷ್ಟು ಲೋಹ ಬೇಕೆಂಬುದನ್ನು ಆ ತೂಕದಿಂದ, ಲೋಹಕ್ಕೆ ತಕ್ಕ ಹಾಗೆ ಲೆಕ್ಕ ಹಾಕಬೇಕು. ಮೇಣದ ಮೇಲೆ ನುಣುಪಾದ ಮಣ್ಣನ್ನು ಪದರ ಪದರವಾಗಿ ಬಳಿದು ಒಣಗಿಸಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಪೊಳ್ಳಿಗೆ ಕರಗಿದ ಲೋಹವನ್ನು ಕೊಳವೆಯ ಬಾಯಿಂದ ಎಡೆಬಿಡದ ಧಾರೆಯಾಗಿ ಹೊಯ್ಯಬೇಕು. ತಾನಾಗಿ ಆರಿದ ಮೇಲಷ್ಟೇ ಮಣ್ಣನ್ನು ಜೋಪಾನವಾಗಿ ಒಡೆಯಬೇಕು. ತೂಗು, ಪದರವಾಗಿ ಬಳಿ, ಧಾರೆ ಮುರಿಯಬೇಡ, ಆರಲು ಬಿಡು. ಈ ನಾಲ್ಕು ಮಾತುಗಳನ್ನು ಇಂದಿನ ರೆಸಿನ್ ಕೆಲಸಗಾರನ ಗೋಡೆಗೂ ಬರೆದು ಅಂಟಿಸಬಹುದು.

ಅವಸರದ ಬಿಸಿ

ಆರಲು ಬಿಡುವುದೇ ಹೊಸಬರಿಗೆ ಕಷ್ಟ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಕ್ರಿಯೆ ಚುರುಕಾಗುತ್ತದೆ. ಕ್ರಿಯೆ ಚುರುಕಾದಷ್ಟೂ ಬಿಸಿ ಹೆಚ್ಚುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿದ ರೆಸಿನ್ ಬೆಚ್ಚಗಾಗಿ ಸುಮ್ಮನಾಗುತ್ತದೆ, ಅಷ್ಟೇ ರೆಸಿನ್ ಲೋಟದಲ್ಲಿ ಒಟ್ಟಾಗಿದ್ದರೆ ಬಿಸಿಗೆ ಹೊರದಾರಿ ಸಿಗದೆ ಹೊಗೆಯಾಡುವುದೂ ಉಂಟು. ಬೇಗ ಮುಗಿಯಲೆಂದು ಗಟ್ಟಿಕಾರಕವನ್ನು ಹೆಚ್ಚು ಸುರಿದರೆ ಎರಕ ಹಳದಿಗಟ್ಟಿ ಬಿರುಕು ಬಿಡುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆದ್ದರಿಂದ ದಪ್ಪ ತುಂಡುಗಳನ್ನು ಪದರ ಪದರವಾಗಿ ಹೊಯ್ಯುತ್ತಾರೆ. ಹ್ಯಾಮಂಡ್‌ನ ಊರುಗೋಲಿನ ಉಂಡೆಯ ನಕಲು ತಯಾರಾಗುವುದೂ ಹೀಗೆಯೇ. ಅರ್ಧ ಅಚ್ಚು ತುಂಬಿ, ರೆಸಿನ್ ಗಟ್ಟಿ ಮೊಸರಿನ ಹದಕ್ಕೆ ಬರುವವರೆಗೆ ಕಾದು, ಅದರ ಮೇಲೆ ಸೊಳ್ಳೆಯನ್ನು ಕೂರಿಸಿ, ಉಳಿದರ್ಧವನ್ನು ಹೊಯ್ಯಬೇಕು. ಹದ ಬರುವ ಮೊದಲೇ ಇಟ್ಟರೆ ಸೊಳ್ಳೆ ತಳಕ್ಕೆ ಇಳಿಯುತ್ತದೆ ಅಥವಾ ತೇಲಿ ಬದಿಗೆ ಸರಿಯುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಹೊಯ್ದರೆ ಎರಡು ಪದರಗಳ ನಡುವೆ ಗೆರೆ ಉಳಿಯುತ್ತದೆ. ಕೀಟದ ರೆಕ್ಕೆಯಡಿ ಗಾಳಿ ಸಿಕ್ಕದಂತೆ ಅದನ್ನು ಮೊದಲೇ ರೆಸಿನ್ನಿನಲ್ಲಿ ಅದ್ದಿ ತೆಗೆಯುವುದು ಬಲ್ಲವರ ರೂಢಿ.

ಉಸಿರಿನ ಲೆಕ್ಕ

ಗುಳ್ಳೆ ಹೋಗಲಾಡಿಸುವ ಭರದಲ್ಲಿ ತಮ್ಮ ಉಸಿರನ್ನೇ ಮರೆಯುವವರಿದ್ದಾರೆ. ಪಾಲಿಯುರೆಥೇನಿನ ಐಸೊಸಯನೇಟ್ ಆವಿ ಕೆಲವರಲ್ಲಿ ಆಸ್ತಮಾ ತರುತ್ತದೆ. ಒಮ್ಮೆ ದೇಹ ಅದಕ್ಕೆ ಸಂವೇದಿಯಾಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರುಗಟ್ಟಿಸಬಹುದು. 1984ರ ಭೋಪಾಲ್ ದುರಂತದ ಮಿಥೈಲ್ ಐಸೊಸಯನೇಟ್ ಇದೇ ಕುಟುಂಬದ್ದು. ಎರಕದ ರೆಸಿನ್ನಿನಲ್ಲಿರುವ ಸೋದರರು ಅಷ್ಟು ಬೇಗ ಆವಿಯಾಗುವವರಲ್ಲ, ಆದರೆ ಕಡೆಗಣಿಸುವಂಥವರೂ ಅಲ್ಲ. ಎಪಾಕ್ಸಿ ಚರ್ಮಕ್ಕೆ ತಗುಲುತ್ತಿದ್ದರೆ ವಾಸಿಯಾಗದ ತುರಿಕೆ ಅಂಟಿಕೊಳ್ಳಬಹುದು. ಪಾಲಿಯೆಸ್ಟರಿಗೆ ಹಾಕುವ ಪೆರಾಕ್ಸೈಡ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಅದನ್ನು ಕೋಬಾಲ್ಟ್ ವೇಗವರ್ಧಕದೊಂದಿಗೆ ನೇರವಾಗಿ ಬೆರೆಸಿದರೆ ಸ್ಫೋಟದ ಭಯವಿದೆ.

ಒತ್ತಡದ ಪಾತ್ರೆಯ ವಿಷಯದಲ್ಲಂತೂ ಜುಗ್ಗತನ ಸಲ್ಲದು. ಅಡುಗೆಮನೆಯ ಕುಕ್ಕರ್ ತಾಳುವಂತೆ ಮಾಡಿರುವುದು ಸುಮಾರು 1 ಬಾರ್ ಒತ್ತಡಕ್ಕೆ. ಎರಕಕ್ಕೆ ಬೇಕಾದದ್ದು ಅದರ ಮೂರು ಪಟ್ಟು. ಕುಕ್ಕರಿಗೆ ಕಂಪ್ರೆಸರ್ ಜೋಡಿಸುವುದೆಂದರೆ ಮನೆಯಲ್ಲಿ ಬಾಂಬು ಇಟ್ಟುಕೊಂಡಂತೆ. ಮನೆಮಂದಿ ಮಲಗುವ ಕೋಣೆಯಿಂದ ದೂರವಾದ, ಗಾಳಿಯಾಡುವ ಜಾಗ, ರಾಸಾಯನಿಕ ಆವಿಯನ್ನು ತಡೆಯುವ ಮುಖಗವಸು, ಕನ್ನಡಕ, ತಕ್ಕ ಗವಸು, ಒತ್ತಡಕ್ಕೆಂದೇ ತಯಾರಾದ ಪಾತ್ರೆ ಇವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ನಕಲಿಗೂ ಮೋಸಕ್ಕೂ ನಡುವೆ

ಪೌರಾಣಿಕ ಚಿತ್ರಗಳನ್ನು ಕಂಡು ಬೆಳೆದ ಕನ್ನಡಿಗರಿಗೆ ಹೊಳೆಯುವ ಮಣಿಗಳು ಹೊಸತಲ್ಲ. ಸತ್ತ ಅರ್ಜುನನನ್ನು ಬದುಕಿಸಲು ನಾಗಲೋಕದಿಂದ ಸಂಜೀವಕ ಮಣಿ ಬರುವ ಬಭ್ರುವಾಹನನ ಕಥೆ ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ಮನೆಮನೆಗೆ ಪರಿಚಿತ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳು ಹಗುರ ಮರದ ಮೇಲೆ ಬೇಗಡೆ ಅಂಟಿಸಿದವು ಎಂದು ತಿಳಿದೂ ಪ್ರೇಕ್ಷಕ ಅವುಗಳಲ್ಲಿ ಚಿನ್ನವನ್ನೇ ಕಾಣುತ್ತಾನೆ. ರಾತ್ರಿಯಿಡೀ ಕುಣಿಯುವವನಿಗೆ ನಿಜವಾದ ಚಿನ್ನ ಹೊರೆಯೇ ಸರಿ. ಇದು ಇಬ್ಬರೂ ಒಪ್ಪಿ ಆಡುವ ಆಟ, ಇಲ್ಲಿ ಯಾರಿಗೂ ಮೋಸವಿಲ್ಲ.

ಅದೇ ರೆಸಿನ್ ಉಂಡೆ ಜಾತ್ರೆಯ ಅಂಗಡಿಯಲ್ಲಿ ಸ್ಫಟಿಕವೆಂದು ಮಾರಾಟವಾದರೆ ಅದು ಮೋಸ. ಎಪಾಕ್ಸಿಯೂ ಸ್ಫಟಿಕವೂ ಬೆಳಕನ್ನು ಬಾಗಿಸುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕ್ಯಾಮೆರಾಕ್ಕೂ ಕಣ್ಣಿಗೂ ಅವು ಒಂದೇ ಎನಿಸಬಹುದು. ಕೈಗೆ ಮಾತ್ರ ಸುಳ್ಳು ಹೇಳಲಾಗದು. ಸ್ಫಟಿಕ ನೀರಿಗಿಂತ 2.65 ಪಟ್ಟು ಭಾರ, ರೆಸಿನ್ ಸುಮಾರು 1.1ರಿಂದ 1.2 ಪಟ್ಟು. ಸ್ಫಟಿಕ ಅಂಗೈಯ ಶಾಖವನ್ನು ಎಳೆದುಕೊಂಡು ತಣ್ಣಗೆ ತಾಗುತ್ತದೆ, ರೆಸಿನ್ ಕೂಡಲೇ ಬೆಚ್ಚಗಾಗುತ್ತದೆ. ಪ್ರಾಮಾಣಿಕ ಹವ್ಯಾಸಿಗಳು ತಮ್ಮ ನಕಲಿನ ಮೇಲೆ, ಕಾಣದ ಜಾಗದಲ್ಲಾದರೂ, ಇದು ನಕಲು ಎಂಬ ಗುರುತು ಹಾಕುವುದು ಒಳ್ಳೆಯ ಸಂಪ್ರದಾಯ.

ಮರದ ರಾಳ ಸೊಳ್ಳೆಯನ್ನು ಹಿಡಿದಿಟ್ಟುಕೊಂಡಂತೆ, ರೆಸಿನ್ ತನ್ನನ್ನು ಹೊಯ್ದವನ ಒಂದು ಕ್ಷಣದ ಅವಸರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗುಳ್ಳೆ ಒಮ್ಮೆ ಒಳಗೆ ನಿಂತಿತೆಂದರೆ ತೆಗೆಯುವ ಉಪಾಯವಿಲ್ಲ. ಅಚ್ಚನ್ನು ತೊಳೆದು ಮತ್ತೆ ಮೊದಲಿನಿಂದ ಆರಂಭಿಸಬೇಕು. ತುಂಡನ್ನು ಕಿಟಕಿಗೆ ಹಿಡಿದು ನೋಡಿ, ಏನೂ ಹೇಳದೆ ಬುಟ್ಟಿಗೆ ಹಾಕಿ, ಮತ್ತೆ ತಕ್ಕಡಿಯ ಮುಂದೆ ಕೂರುವವನೇ ಈ ಕೆಲಸ ಕಲಿಯುತ್ತಾನೆ.